ಹತ್ತನೇ ಕ್ಲಾಸಿನ ಒಂದು ವರ್ಷ: 206 ಅಂಕದ ಲೆಕ್ಕ ಹೇಗೆ?

ದಾವಣಗೆರೆ, ಹರಿಹರದ ಹೈಸ್ಕೂಲುಗಳಲ್ಲಿ ಈಗ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 18ಕ್ಕೆ ಶುರುವಾಗಿ ಏಪ್ರಿಲ್ 2ಕ್ಕೆ ಮುಗಿಯುತ್ತೆ. ಈ ಸಲ ಪಾಸಿನ ನಿಯಮ ಬದಲಾಗಿದೆ. "33 ಬಂದ್ರೆ ಪಾಸಂತೆ" ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ಅದರಲ್ಲಿ ಅರ್ಧ ನಿಜ ಇದೆ. ಪೂರ್ತಿ ಲೆಕ್ಕ ಬಿಡಿಸಿ ನೋಡೋಣ.

ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಮೊದಲು ಪಾಸಾಗೋಕೆ ಶೇ 35 ಬೇಕಿತ್ತು. 2025-26ನೇ ಸಾಲಿನಿಂದ ಎರಡು ಷರತ್ತು: ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30, ಒಟ್ಟಾರೆ ಶೇ 33, ಅಂದ್ರೆ 206 ಅಂಕ. ಎಲ್ಲದರಲ್ಲೂ ಬರೀ 30 ತೆಗೆದ್ರೆ ಒಟ್ಟು 188 ಆಗುತ್ತೆ, ಇನ್ನೂ 18 ಕಡಿಮೆ. ಹಾಗಾಗಿ ಒಂದೆರಡು ವಿಷಯದಲ್ಲಾದರೂ ಸ್ವಲ್ಪ ಜಾಸ್ತಿ ತೆಗೆಯಲೇಬೇಕು.

ಈಗ ಮುಖ್ಯವಾದ ಮಾತು. ಈ 625ರಲ್ಲಿ ಬರೆಯೋ ಪರೀಕ್ಷೆಗೆ ಇರೋದು 500. ಉಳಿದ 125 ಆಂತರಿಕ ಅಂಕ: ಪ್ರಥಮ ಭಾಷೆಗೆ 25, ಬೇರೆ ವಿಷಯಕ್ಕೆ 20-20. ಎಫ್‌ಎ-1ರಿಂದ ಎಫ್‌ಎ-4ರ ತನಕ ಶಾಲೆಯಲ್ಲಿ ನಡೆಯೋ ಕಿರು ಪರೀಕ್ಷೆ, ಚಟುವಟಿಕೆ, ಪ್ರಾಜೆಕ್ಟುಗಳಿಂದ ಈ ಅಂಕ ಬರುತ್ತೆ.

ಒಬ್ಬ ಹುಡುಗಿ ಎಲ್ಲಾ ಎಫ್‌ಎ ಬರೆದು 20ಕ್ಕೆ 18, ಭಾಷೆಗೆ 22 ತಗೊಂಡಳು ಅಂತ ಇಟ್ಕೊಳ್ಳಿ. ಆಂತರಿಕ ಒಟ್ಟು 112. ಅವಳಿಗೆ 500ರ ಪರೀಕ್ಷೆಯಲ್ಲಿ ಬೇಕಾಗಿರೋದು 94. ಇನ್ನೊಬ್ಬ ಹುಡುಗ ಅರ್ಧಂಬರ್ಧ ಬರೆದು 10, ಭಾಷೆಗೆ 12 ತಗೊಂಡ. ಒಟ್ಟು 62. ಅವನಿಗೆ 144 ಬೇಕು. ಪ್ರಶ್ನೆಪತ್ರಿಕೆ ಕೈಗೆ ಬರೋ ಮೊದಲೇ ಇಬ್ಬರ ನಡುವೆ 50 ಅಂಕದ ಅಂತರ.

ಆ ಹುಡುಗ ಯಾಕೆ ಅರ್ಧಂಬರ್ಧ ಬರೆದ? ನಮ್ಮ ಕಡೆ ವರ್ಷ ಹೇಗೆ ನಡೆಯುತ್ತೆ ನೋಡಿ. ಶಾಲೆ ಬಾಗಿಲು ತೆಗೆಯೋ ಹೊತ್ತಿಗೇ ಮೆಕ್ಕೆಜೋಳದ ಬಿತ್ತನೆ. ಭದ್ರಾ ನಾಲೆಯ ನೀರು ಬಂದ್ರೆ ಭತ್ತದ ನಾಟಿ. ದಸರಾ ರಜೆ ಮುಗಿದ ಮೇಲೂ ಜೋಳ ಮುರಿಯೋ ಕೆಲಸ ಮುಗಿದಿರಲ್ಲ. ಜನವರಿಯಲ್ಲಿ ಬೇಸಿಗೆ ಭತ್ತ. ದಾವಣಗೆರೆ ಪೇಟೆಯ ಒಳಗೆ ಮಂಡಕ್ಕಿ ಭಟ್ಟಿಯ ಕೆಲಸ ನಂಬಿದ ಮನೆಗಳಿವೆ. ಅಲ್ಲಿ ಒಂದು ಕೈ ಕಡಿಮೆಯಾದ್ರೆ ಆ ದಿನದ ಕೂಲಿಗೇ ಪೆಟ್ಟು. "ಎರಡು ದಿನ ತಾನೆ" ಅಂತ ಮನೇಲಿ ಉಳಿಸ್ಕೊಂಡ ದಿನವೇ ಎಫ್‌ಎ ಇದ್ರೆ ಆ ಅಂಕ ಹೋಯ್ತು. ಅದಕ್ಕಿಂತ ದೊಡ್ಡ ಅಪಾಯ ಹಾಜರಾತಿ. ಶೇ 75 ಇಲ್ಲದಿದ್ರೆ ಪರೀಕ್ಷೆಗೆ ಕೂರೋದೇ ಕಷ್ಟ.

"ಹೆಂಗೋ ಪಾಸ್ ಮಾಡ್ತಾರೆ ಬಿಡು" ಅನ್ನೋ ಕಾಲವೂ ಈಗಿಲ್ಲ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳೀತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರಲ್ಲಿ ಕೃಪಾಂಕ ಇರಲಿಲ್ಲ. ಪರೀಕ್ಷೆ-1ರ ಫಲಿತಾಂಶ ಬಂದ ದಿನ ಶೇ 62.34.

ಫೇಲಾದವರಿಗೆ ದಾರಿ ಇದೆ. ಪರೀಕ್ಷೆ-2 ಮೇ 18ರಿಂದ 25ರವರೆಗೆ. ಹೋದ ವಿಷಯ ಮಾತ್ರ ಬರೆದರೆ ಸಾಕು. ಆದರೆ ಆ ಒಂದು ತಿಂಗಳ ಗ್ಯಾಪಲ್ಲೇ ಹುಡುಗ ಗ್ಯಾರೇಜ್ ಸೇರ್ತಾನೆ, ಹುಡುಗಿಗೆ ಗಂಡು ನೋಡೋಕೆ ಶುರು ಮಾಡ್ತಾರೆ. ಹರಿಹರದಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು, ಕೈಯಲ್ಲಿ ಕಸುಬು ಕಲಿತವನಿಗೆ ಊರಲ್ಲೇ ಒಂದು ಆಸರೆ ಇತ್ತು. ಅದು ಬಾಗಿಲು ಹಾಕಿ ಎರಡು ದಶಕ ದಾಟಿತು. ಈಗ ಐಟಿಐ, ಡಿಪ್ಲೊಮಾ, ಪಿಯು ಯಾವುದಕ್ಕೆ ಹೋಗಬೇಕಾದ್ರೂ ಮೊದಲು ಕೇಳೋದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹದಿನಾಲ್ಕು ಕಿಲೋಮೀಟರ್ ಬಸ್ಸು ಹತ್ತಿ ದಾವಣಗೆರೆ ಕಾಲೇಜಿಗೆ ಬರೋ ಕನಸಿಗೂ ಅದೇ ಬೇಕು.

ಹಾಗಾಗಿ ತಂದೆ-ತಾಯಿಗಳು ಈ ವಾರವೇ ಒಮ್ಮೆ ಶಾಲೆಗೆ ಹೋಗಿ ಮೇಷ್ಟ್ರ ಹತ್ರ ಎರಡು ವಿಷಯ ಕೇಳಿ: ಹಾಜರಾತಿ ಎಷ್ಟಿದೆ, ಎಫ್‌ಎ ಯಾವುದಾದ್ರೂ ಬಾಕಿ ಇದೆಯಾ? ಬಾಕಿ ಇದ್ರೆ ಅಂಕ ಮಂಡಳಿಗೆ ಹೋಗೋ ಮೊದಲೇ ಮಾತಾಡಿ. ಒಂಬತ್ತನೇ ಕ್ಲಾಸಿನ ಮಕ್ಕಳಿದ್ರೆ ಇದೇ ಲೆಕ್ಕವನ್ನ ಜೂನ್‌ನಲ್ಲೇ ಗೋಡೆಗೆ ಬರೆದು ಅಂಟಿಸಿ.

ಪರೀಕ್ಷೆ ಬರೆಯೋ ತಮ್ಮ-ತಂಗಿಯರಿಗೆಲ್ಲ ಒಳ್ಳೇದಾಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.