ನಿಕ್ಕಲ್ ಪದರಗಳ ನಡುವೆ ಒಂದು ಹೊಂದಾಣಿಕೆ

ಮಂಗಳೂರಿನ ಆಸ್ಪತ್ರೆಗಳಲ್ಲಿರುವ 1.5 ಟೆಸ್ಲಾದ ಎಂಆರ್‌ಐ ಯಂತ್ರದೊಳಗೆ, ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಆಸರೆಯಲ್ಲಿ, ತಂತಿಯ ಸುರುಳಿಯೊಂದು ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುತ್ತಿರುತ್ತದೆ. ಅತಿವಾಹಕತೆಯೊಂದಿಗೆ ಈ ಊರಿನ ನಿತ್ಯದ ನಂಟು ಅಷ್ಟೇ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ವಿರುದ್ಧ ಸ್ಪಿನ್ ಹೊತ್ತು ಜೋಡಿಯಾಗುತ್ತವೆ. ಕಬ್ಬಿಣ, ನಿಕ್ಕಲ್‌ನಂಥ ಫೆರೋಕಾಂತಗಳಲ್ಲಿ ಸ್ಪಿನ್‌ಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಹಾಗಾಗಿ ಇವೆರಡಕ್ಕೂ ಆಗಿಬರುವುದಿಲ್ಲ ಎಂಬ ಮಾತು ಬಹುಕಾಲ ನಡೆಯಿತು. ಎರಡನ್ನೂ ಕಲಸಿಟ್ಟರೆ ಆ ಮಾತು ಬಹುಮಟ್ಟಿಗೆ ನಿಜ. ಪದರಪದರವಾಗಿ ಕೂರಿಸಿದರೆ ಲೆಕ್ಕವೇ ಬೇರೆ.

ಇದರ ಸಾಕ್ಷಿಗೆ ದಾರಿ ತೆರೆದಿದ್ದು ಮಂಗಳೂರಿಗರ ಎರಡನೇ ಊರಾದ ಮುಂಬಯಿಯಲ್ಲಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರಿಗೆ ಇಟ್ರಿಯಂ, ನಿಕ್ಕಲ್, ಬೋರಾನುಗಳ ಮಿಶ್ರಣದಲ್ಲಿ 12 ಕೆಲ್ವಿನ್ ಸುಮಾರಿಗೆ ಅತಿವಾಹಕತೆಯ ಸುಳಿವು ಕಂಡಿತ್ತು. ಇಂಗಾಲ ಬೆರೆಸಿದಾಗ ಸುಳಿವು ಗಟ್ಟಿಯಾಯಿತು; 1994ರಲ್ಲಿ ಪ್ರಕಟವಾಯಿತು. ಅಯಸ್ಕಾಂತಕ್ಕೆ ಅಂಟುವ ನಿಕ್ಕಲ್ ಇಲ್ಲಿ ಬೋರಾನಿನೊಡನೆ ಬೆಸೆದು, ತನ್ನ ಕಾಂತಗುಣವನ್ನೇ ಬಿಟ್ಟು ಅತಿವಾಹಕ ಪದರವಾಗುತ್ತದೆ! ಇಟ್ರಿಯಂ ಜಾಗದಲ್ಲಿ ಹೋಲ್ಮಿಯಂ ಇಟ್ಟರೆ ಇನ್ನೂ ಸ್ವಾರಸ್ಯ. ಸುಮಾರು 8 ಕೆಲ್ವಿನ್‌ನಲ್ಲಿ ಹುಟ್ಟಿದ ಅತಿವಾಹಕತೆ, ಹೋಲ್ಮಿಯಂನ ಸ್ಪಿನ್‌ಗಳು ಸುರುಳಿ ಸುತ್ತುವ 5 ಕೆಲ್ವಿನ್ ಆಸುಪಾಸಿನಲ್ಲಿ ಸೊರಗುತ್ತದೆ. ಇನ್ನೂ ತಣಿಸಿದರೆ ಒಂದೊಂದು ಹೋಲ್ಮಿಯಂ ಹಾಳೆಯೂ ತನ್ನೊಳಗೆ ಫೆರೋಕಾಂತವಾಗಿ, ಪಕ್ಕದ ಹಾಳೆಗೆ ವಿರುದ್ಧ ಮುಖಮಾಡುತ್ತದೆ, ಅತಿವಾಹಕತೆ ಚೇತರಿಸಿಕೊಳ್ಳುತ್ತದೆ. ಹಾಳೆಗಳು ಒಂದನ್ನೊಂದು ರದ್ದುಮಾಡಿದ ಮೇಲೆ ಅದೆಂಥ ಫೆರೋಕಾಂತ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎರ್ಬಿಯಂ ಇಟ್ಟಾಗ 2.3 ಕೆಲ್ವಿನ್‌ಗಿಂತ ಕೆಳಗೆ ಕಾಂತತೆ ಪೂರ್ತಿ ರದ್ದಾಗದೆ ತುಸು ಉಳಿಯುತ್ತದೆ, ಅತಿವಾಹಕತೆಯೂ ಉಳಿಯುತ್ತದೆ. ಅತಿವಾಹಕ, ಫೆರೋಕಾಂತಗಳ ಈ ಒಡನಾಟದಿಂದ ಏನು ಪ್ರಯೋಜನ ಎಂಬವರಿಗೆ ಉತ್ತರ ರಷ್ಯದಿಂದ ಬಂತು. 2001ರಲ್ಲಿ ಭೌತವಿಜ್ಞಾನಿ ರ್ಯಾಜಾನೊವ್ ಅವರ ತಂಡ ಎರಡು ನಯೋಬಿಯಂ ಪದರಗಳ ನಡುವೆ ತಾಮ್ರ-ನಿಕ್ಕಲ್‌ನ ತೆಳು ಫೆರೋಕಾಂತ ಪದರವಿಟ್ಟು, ಎಲೆಕ್ಟ್ರಾನ್ ಜೋಡಿಗಳ ಅಲೆಯ ಚಿಹ್ನೆಯೇ ತಿರುಗುಮುರುಗಾಗುವುದನ್ನು ತೋರಿಸಿತು. ಅತಿವಾಹಕ ಕಂಪ್ಯೂಟರುಗಳ ಸ್ಮೃತಿಕೋಶಕ್ಕೆ ಇಂಥ ಜೋಡಣೆಗಳನ್ನು ಪರೀಕ್ಷಿಸುತ್ತಿದ್ದಾರೆ. ಎರಡರ ನಡುವೆ ಜಗಳವಿಲ್ಲದಿದ್ದರೆ ಚಿಹ್ನೆ ತಿರುಗಿಸುವ ಈ ಗುಣವೂ ಇರುತ್ತಿರಲಿಲ್ಲ.

ಬೋರಾನ್, ಇಂಗಾಲ ಬೆರೆತ ಕೊಲಾಬಾದ ಆ ಸಂಯುಕ್ತಗಳ, ಅಂದರೆ ಬೋರೋಕಾರ್ಬೈಡ್‌ಗಳ, ತಯಾರಿಗೆ ಬೇಕಾದ್ದು ತೂಕದ ನಿಖರತೆ, ಆರ್ಗಾನ್ ತುಂಬಿದ ವಿದ್ಯುತ್ ಚಾಪದ ಕುಲುಮೆ, ಮಗುಚಿ ಮಗುಚಿ ಕರಗಿಸುವ ತಾಳ್ಮೆ. ಮಂಗಳೂರಿನ ಬಳಿಯ ಕೊಣಾಜೆಯ, ಸುರತ್ಕಲ್ಲಿನ ವಿದ್ಯಾರ್ಥಿಗಳು ಕಲಿಯಲಾರದ ಕಸುಬೇನಲ್ಲ. ದುಬಾರಿಯಾಗುವುದು ತಣಿಸುವಾಗ, ನಮ್ಮ ದೇಶಕ್ಕೆ ಹೀಲಿಯಂ ಬರುವುದೇ ಹೊರಗಿನಿಂದ. ಬೋರೋಕಾರ್ಬೈಡ್ ಕುಟುಂಬದಲ್ಲಿ ಅತಿವಾಹಕತೆ ಹುಟ್ಟುವ ಉಷ್ಣತೆಯೂ 23 ಕೆಲ್ವಿನ್ ದಾಟಲಿಲ್ಲ. 2008ರಲ್ಲಿ ಕಬ್ಬಿಣದ ಪದರಗಳಿರುವ ಅತಿವಾಹಕಗಳು ಬಂದ ಮೇಲೆ ಲೋಕದ ಗಮನ ಅತ್ತ ಹೊರಳಿತು. ಕೊಲಾಬಾದ ನಿಕ್ಕಲ್‌ಗೆ ಈಗ ಮೊದಲಿನ ಬೇಡಿಕೆಯಿಲ್ಲ.