ಬೆಲೆ ಕಟ್ಟುವಾಗಲೇ ಕಳೆದುಹೋಗುವ ಪಾಲು

ಸಾವು ಸಂಭವಿಸಿದ ಮನೆಯಲ್ಲಿ ಮೂರನೆಯ ದಿನದ ಜಿಯಾರತ್ ಮುಗಿಯುತ್ತಿದ್ದಂತೆ ಸಾಮಾನುಗಳು ಜಾಗ ಬದಲಿಸತೊಡಗುತ್ತವೆ. ಅಬ್ಬಾರ ಕೈಗಡಿಯಾರ ಹಿರಿಯ ಮಗನ ಕೈಗೆ, ಮೊಬೈಲ್ ಮೊಮ್ಮಗನ ಜೇಬಿಗೆ, ಬೈಕಿನ ಚಾವಿ ಕಿರಿಯವನ ಬಳಿಗೆ, ಶಾಲು ಶೇರ್ವಾನಿ ಮೌಜನ್ ಸಾಹೇಬರಿಗೆ. ಯಾರ ಮನಸ್ಸಿನಲ್ಲೂ ಕೆಡುಕಿರುವುದಿಲ್ಲ. ಆದರೆ ಅಂದು ಹೊಸ್ತಿಲು ದಾಟಿದ ವಸ್ತು ಮುಂದೆ ಯಾವ ಪಟ್ಟಿಗೂ ಸೇರುವುದಿಲ್ಲ. ಪಟ್ಟಿಗೆ ಸೇರದ ವಸ್ತುವಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಅದರಲ್ಲಿ ಯಾರಿಗೂ ಪಾಲು ಸಿಗುವುದಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಮ್ಮ ಮನೆಗಳಲ್ಲಿ, ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂದು ಬಾಯಿಬಿಟ್ಟು ಹೇಳುವವರು ಈಗ ಕಡಿಮೆಯಾಗಿದ್ದಾರೆ. "ಶರೀಅತ್ ಪ್ರಕಾರ ಕೊಡ್ತೀವಿ ಆಪಾ, ಚಿಂತೆ ಮಾಡಬೇಡಿ" ಎಂದೇ ಹೇಳುತ್ತಾರೆ. ಹೆಂಡತಿಗೆ ಎಂಟನೇ ಒಂದು ಭಾಗ, ಮಗನಿಗೆ ಮಗಳ ಎರಡರಷ್ಟು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಯಾವುದರ ಎಂಟನೇ ಒಂದು ಭಾಗ? ಯಾವ ಬೆಲೆಯಲ್ಲಿ? ಈ ಪ್ರಶ್ನೆ ಕೇಳುವ ಹೆಣ್ಣುಮಗಳು ಅಪರೂಪ. ಕೇಳಿದರೆ ಅವಳನ್ನು ದುರಾಸೆಯವಳೆನ್ನುತ್ತಾರೆ.

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 7ನೇ ವಚನವು, ಬಿಟ್ಟುಹೋದ ಸೊತ್ತು ಅಲ್ಪವಿರಲಿ ಅಧಿಕವಿರಲಿ ಅದರಲ್ಲಿ ಗಂಡಸರಂತೆ ಹೆಂಗಸರಿಗೂ ನಿಶ್ಚಿತ ಪಾಲಿದೆಯೆಂದು ವಿಧಿಸಿದೆ. ಈ "ಅಲ್ಪ" ಎಂಬ ಮಾತನ್ನು ನಾವು ಲಕ್ಷ್ಯಕ್ಕೇ ತಂದುಕೊಂಡಿಲ್ಲ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಹಾಬಿ ಸಅದ್ ಬಿನ್ ರಬೀಅ್(ರ) ಅವರ ವಿಧವೆಯ ಕಥೆ ತಿರ್ಮಿದಿ ಮತ್ತು ಅಬೂದಾವೂದ್ ಹದೀಸ್ ಗ್ರಂಥಗಳಲ್ಲಿದೆ. ಸಅದ್‌ರ ಸಹೋದರನು ಸೊತ್ತನ್ನೆಲ್ಲ ವಶಪಡಿಸಿಕೊಂಡಾಗ ಆಕೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋದರು. ಉತ್ತರಾಧಿಕಾರದ ವಚನ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು ಭಾಗ ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳುವಂತೆ ಆ ಸಹೋದರನಿಗೆ ಆದೇಶವಾಯಿತು. ಪಾಲು ಕೇಳಿದ್ದಕ್ಕಾಗಿ ಆ ಮಹಿಳೆಯನ್ನು ಪ್ರವಾದಿವರ್ಯರು(ಸ) ದುರಾಸೆಯವಳೆನ್ನಲಿಲ್ಲ.

ಕೇಳುವವರಿಲ್ಲದ ಲೆಕ್ಕ

ಬ್ರಿಟನ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳಲ್ಲಿ ಯಾರಾದರೂ ತೀರಿಕೊಂಡರೆ, ಮನೆ, ಕಾರು, ಒಡವೆಗಳಿಂದ ಹಿಡಿದು ಕುರ್ಚಿ ಮೇಜಿನವರೆಗೆ ಬೆಲೆ ಕಟ್ಟಬೇಕಾಗುತ್ತದೆ. ಅಲ್ಲಿ 3,25,000 ಪೌಂಡ್ ದಾಟಿದ ಸೊತ್ತಿನ ಮೇಲೆ ಸಾಮಾನ್ಯವಾಗಿ ಶೇ. 40ರಷ್ಟು ಉತ್ತರಾಧಿಕಾರ ತೆರಿಗೆಯಿದೆ. ವಸ್ತುವನ್ನು ಎಷ್ಟಕ್ಕೆ ಕೊಂಡರು ಎಂಬುದಲ್ಲ, ಮರಣದ ದಿನ ಬಹಿರಂಗ ಮಾರುಕಟ್ಟೆಯಲ್ಲಿ ಮಾರಿದ್ದರೆ ಎಷ್ಟು ಬರುತ್ತಿತ್ತು ಎಂಬುದೇ ಅಳತೆ. ನಮ್ಮ ದೇಶದಲ್ಲಿಯೂ 1953ರ ಎಸ್ಟೇಟ್ ಡ್ಯೂಟಿ ಕಾನೂನಿನಂತೆ ಇಂತಹ ತೆರಿಗೆಯಿತ್ತು. 1985ರ ಮಾರ್ಚ್‌ನಲ್ಲಿ ಅದನ್ನು ಕೈಬಿಡಲಾಯಿತು. 2024ರ ಲೋಕಸಭಾ ಚುನಾವಣೆಯ ವೇಳೆ ಅದರ ಮಾತು ಮತ್ತೆ ಎದ್ದಿತ್ತು, ಅಷ್ಟೇ. ಮುಸ್ಲಿಮರ ವಸಿಯ್ಯತ್‌ಗೆ ಪ್ರೊಬೇಟ್ ಕೂಡ ಇಲ್ಲಿ ಕಡ್ಡಾಯವಲ್ಲ.

ಅಂದರೆ, ಸತ್ತವರ ಸೊತ್ತಿನ ಪಟ್ಟಿ ಕೊಡಿ ಎಂದು ನಮ್ಮ ಬಾಗಿಲಿಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಸರ್ಕಾರದ ಭಯದಿಂದ ಆಗುವ ಕೆಲಸವನ್ನು ಇಲ್ಲಿ ಅಲ್ಲಾಹನ ಭಯವೇ ಮಾಡಿಸಬೇಕು. ತೆರಿಗೆಯಿಲ್ಲವೆಂಬುದು ಬರೆಯದಿರಲು ನೆಪವಾಗಿರುವುದು ವಿಚಿತ್ರ.

ಬೆಲೆ ಕಟ್ಟುವ ಮೊದಲು ಯಾರ ವಸ್ತು ಎಂಬುದನ್ನು ಬೇರ್ಪಡಿಸಬೇಕು. ಹೆಂಡತಿಯ ತವರಿನ ಒಡವೆ, ಅವಳಿಗೆ ಸಂದ ಮಹ್ರ್, ಅವಳು ಹೊಲಿಗೆ ಮಾಡಿ ಕೊಂಡ ಕಪಾಟು ಗಂಡನ ತರ್ಕಾ ಅಲ್ಲ. ಯಾರೋ ನಂಬಿ ಇಟ್ಟ ಅಮಾನತ್ತೂ ಅಲ್ಲ. ಉಳಿದದ್ದರಲ್ಲಿ ಮೊದಲು ಕಫನ್ ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದೊಳಗೆ ಅದು, ಕೊನೆಗೆ ವಾರಸುದಾರರ ಪಾಲು. ಆ ಮೂರನೇ ಒಂದು ಭಾಗ ಎಷ್ಟೆಂದು ತಿಳಿಯಲಿಕ್ಕೂ ಒಟ್ಟು ಬೆಲೆ ಗೊತ್ತಿರಬೇಕು.

ಸಾಲ ಎಂದೊಡನೆ ಬ್ಯಾಂಕು, ಗೊಬ್ಬರದಂಗಡಿಯ ಉದ್ದರಿ, ದಲ್ಲಾಳಿ ಅಂಗಡಿಯ ಮುಂಗಡ ನೆನಪಾಗುತ್ತವೆ. ಹೆಂಡತಿಗೆ ಕೊಡದೆ ಉಳಿದ ಮಹ್ರ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಅದೂ ಸಾಲವೇ. ಎಂಟನೇ ಒಂದು ಭಾಗಕ್ಕೆ ಮೊದಲು, ಅದರ ಜೊತೆಗೆ, ಸಲ್ಲಬೇಕಾದದ್ದು. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದುದರಿಂದ ಇಲ್ಲಿನ ಹಳೆಯ ನಿಕಾಹ್‌ನಾಮೆಗಳಲ್ಲಿ ರೂಪಾಯಿಯ ಜೊತೆಗೆ "ದೀನಾರೆ ಸುರ್ಖ್" ಎಂದೂ ಬರೆದಿರುತ್ತದೆ. ಇದನ್ನು ಬರೀ ಶಾಸ್ತ್ರದ ಮಾತೆಂದು ತಿಳಿದವರೇ ಬಹಳ. ದೀನಾರ್ ಎಂದರೆ ಚಿನ್ನ, ಒಂದಕ್ಕೆ ಸುಮಾರು ನಾಲ್ಕೂಕಾಲು ಗ್ರಾಂ. ಆಲಿಮರು ಹೇಳುವ ತೂಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವುಂಟು. ರೂಪಾಯಿಯ ಮಹ್ರ್ ರೂಪಾಯಿಯಾಗಿಯೇ ಉಳಿಯುತ್ತದೆ, ಆದರೆ ಚಿನ್ನದ ಮಹ್ರ್ ಚಿನ್ನವಾಗಿಯೇ ಸಲ್ಲಬೇಕು. ನಿಕಾಹ್‌ನಾಮೆಯನ್ನು ಟ್ರಂಕಿನ ತಳದಿಂದ ತೆಗೆದು ಒಮ್ಮೆ ಓದಿಸಿಕೊಳ್ಳಿ.

ಇನ್ನು ದಸ್ವಾಂ, ಚಾಲೀಸ್ವಾಂ ಊಟದ ಖರ್ಚು ಕಫನ್ ದಫನ್ ಖರ್ಚಲ್ಲ. ಅದನ್ನು ತರ್ಕಾದಿಂದ ಕಳೆಯುವಂತಿಲ್ಲ. ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರಂತೂ ಅವರ ಪಾಲಿನಿಂದ ಒಂದು ಪಲಾವಿನ ತಟ್ಟೆಯನ್ನೂ ಬಡಿಸುವಂತಿಲ್ಲ. ಮೌಜನ್ ಸಾಹೇಬರಿಗೆ ಕೊಟ್ಟ ಶೇರ್ವಾನಿಗೂ ಇದೇ ಮಾತು. ದೊಡ್ಡವರು ತಮ್ಮ ಪಾಲಿನಿಂದ ಸಂತೋಷವಾಗಿ ಕೊಡಲಿ, ಅನಾಥರ ಪಾಲು ಕೊಡುವ ಹಕ್ಕು ಯಾರಿಗೂ ಇಲ್ಲ.

ಎಕರೆಗೆ ಎಕರೆ ಸಮವಲ್ಲ

ದೊಡ್ಡ ಮೋಸ ನಡೆಯುವುದು ಭೂಮಿಯ ಬೆಲೆಯಲ್ಲಿ. ಮೋಸ ಎಂಬ ಮಾತು ಕಟುವಾಯಿತೆಂದು ಕೆಲವರಿಗೆ ಅನಿಸಬಹುದು, ಲೆಕ್ಕ ನೋಡಿ ಹೇಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ತೀರಿಕೊಂಡರೆನ್ನಿ. ಅವರ ತಂದೆತಾಯಿ ಬದುಕಿಲ್ಲ. ಆಗ ಸೊತ್ತನ್ನು ಎಂಟು ಭಾಗ ಮಾಡಬೇಕು. ಹೆಂಡತಿಗೆ ಒಂದು, ಹೆಣ್ಣುಮಕ್ಕಳಿಗೆ ಒಂದೊಂದು, ಗಂಡುಮಕ್ಕಳಿಗೆ ಎರಡೆರಡು. ಸೊತ್ತು ನಾಲ್ಕು ಎಕರೆ ನೀರಾವರಿ ಗದ್ದೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಎಕರೆಗೆ 8 ಲಕ್ಷ, ನಿಜವಾಗಿ ಮಾರಿದರೆ 20 ಲಕ್ಷ ಎಂದಿಟ್ಟುಕೊಳ್ಳಿ (ಅಂಕಿಗಳು ಲೆಕ್ಕಕ್ಕಾಗಿ ಮಾತ್ರ). ಮಾರ್ಗಸೂಚಿ ಬೆಲೆಯಂತೆ ಒಂದು ಭಾಗ 4 ಲಕ್ಷ. ಮಾರುಕಟ್ಟೆ ಬೆಲೆಯಂತೆ 10 ಲಕ್ಷ. ಅಣ್ಣಂದಿರು ಭೂಮಿ ಇಟ್ಟುಕೊಂಡು ತಾಯಿಗೂ ತಂಗಿಯರಿಗೂ ತಲಾ 4 ಲಕ್ಷ ಕೊಟ್ಟು, "ಶರೀಅತ್ ಪ್ರಕಾರ ಮುಗಿಸಿದೆವು" ಎಂದರೆ, ನಾಲ್ವರು ಹೆಂಗಸರಿಂದ ಒಟ್ಟು 24 ಲಕ್ಷ ಮೌನವಾಗಿ ಗಂಡುಮಕ್ಕಳ ಕಡೆಗೆ ಹೋಯಿತು. ಮಾರ್ಗಸೂಚಿ ಬೆಲೆ ಇರುವುದು ಮುದ್ರಾಂಕ ಶುಲ್ಕ ವಸೂಲಿಗೆ. ಅಕ್ಕತಂಗಿಯರ ಪಾಲು ಅಳೆಯುವುದಕ್ಕಲ್ಲ.

ಹಣದ ಬದಲು ಭೂಮಿಯನ್ನೇ ಹಂಚುವಾಗಲೂ ಬೆಲೆ ನೋಡಲೇಬೇಕು. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಎಕರೆಯೂ ನೀರು ತಲುಪದ ಕೊನೆಭಾಗದ ಎಕರೆಯೂ ಒಂದೇ ಅಲ್ಲ. ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಸವಳು ಜವಳಾದ ಹೊಲಗಳಿವೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ನೀರಾವರಿ ಭೂಮಿಯ ಬೆಲೆ ನಿಂತಿರುವುದು ನೀರಿನ ಭರವಸೆಯ ಮೇಲೆ ಎಂಬುದು ಎಲ್ಲರಿಗೂ ತಿಳಿಯಿತು. ಮಸ್ಕಿ ಸುತ್ತಿನ ಮಳೆಯಾಶ್ರಿತ ಹೊಲಗಳ ಕಥೆ ಇದಕ್ಕೆ ತಿರುಗು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಅಷ್ಟು ದಿನ ಧರಣಿ ಕೂತದ್ದು ಏಕೆ? ನೀರು ಬಂದರೆ ಅದೇ ಹೊಲಕ್ಕೆ ಬೇರೆಯೇ ಬೆಲೆ. ಆದ್ದರಿಂದ ತಂಗಿಗೆ ಕೊನೆಭಾಗದ ಸವಳು ಹೊಲ ಕೊಟ್ಟು "ನಿನಗೂ ಒಂದು ಎಕರೆ ಬಂತಲ್ಲ" ಎನ್ನುವುದು ನ್ಯಾಯವಲ್ಲ. ಊರಿನ ಇಬ್ಬರು ಅನುಭವಿ ರೈತರನ್ನು, ಒಬ್ಬರನ್ನು ಅಣ್ಣ, ಒಬ್ಬರನ್ನು ತಂಗಿ ಆರಿಸಿ, ಹೊಲದ ಬದುವಿನ ಮೇಲೆ ನಿಲ್ಲಿಸಿ ಬೆಲೆ ಹೇಳಿಸುವುದು ಒಳ್ಳೆಯದು.

ನಿಂತ ಬೆಳೆ, ಗೋದಾಮಿನ ಭತ್ತ (ಚೀಲಕ್ಕೆ 75 ಕಿಲೋ ಲೆಕ್ಕ), ಟ್ರ್ಯಾಕ್ಟರ್, ಎಮ್ಮೆ, ಕುರಿ, ಅಂಗಡಿಯ ಮಾಲು, ಬೇರೆಯವರಿಂದ ಬರಬೇಕಾದ ಉದ್ದರಿ, ಕಟ್ಟಿದ ಚೀಟಿಯ ಹಣ, ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್, ಎಲ್ಲವನ್ನೂ ಬರೆಯಿರಿ. ದಿನಬಳಕೆಯ ಸಾಮಾನಿಗೆ ಹಳೆಯ ಸಾಮಾನಿನವನು ಕೊಡುವ ದರ ಸಾಕು.

ಯಾವ ದಿನದ ಬೆಲೆ?

ಇದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. ಅಬ್ಬಾ 2005ರಲ್ಲಿ ತೀರಿಕೊಂಡರು, ಹಂಚಿಕೆ ಇಂದು ನಡೆಯುತ್ತಿದೆ. "ಆಗಿನ ಬೆಲೆಯಂತೆ ನಿನ್ನ ಪಾಲು ಇಷ್ಟು" ಎಂದು ಅಣ್ಣ ಹೇಳುತ್ತಾನೆ. ಆದರೆ ಮರಣದ ಕ್ಷಣದಲ್ಲಿಯೇ ಮಗಳು ಆ ವಸ್ತುವಿನಲ್ಲೇ ಪಾಲುದಾರಳಾಗಿದ್ದಾಳೆ, ಅಣ್ಣ ಕೊಡಬೇಕಾದ ರೂಪಾಯಿಯಲ್ಲಿ ಅಲ್ಲ. ಬೆಲೆ ಏರಿದರೆ ಅವಳ ಭಾಗವೂ ಏರಿತು, ಇಳಿದರೆ ಇಳಿಯಿತು. ಪಟ್ಟಿ ಮರಣದ ದಿನದ್ದು, ಬೆಲೆ ಹಂಚುವ ದಿನದ್ದು. 2005ರಲ್ಲಿ ಗ್ರಾಂಗೆ ಏಳುನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನ 2025ರಲ್ಲಿ ಹತ್ತು ಸಾವಿರ ದಾಟಿತು. ಈ ಏರಿಕೆ ಒಬ್ಬನ ಗಳಿಕೆಯಲ್ಲ. ನಡುವಿನ ವರ್ಷಗಳ ಬಾಡಿಗೆಯೂ ಎಲ್ಲರದು. ಅಣ್ಣ ತನ್ನ ಹಣ ಹಾಕಿ ಮನೆಯ ಮೇಲೆ ಮಹಡಿ ಕಟ್ಟಿದ್ದರೆ, ಕಾಲುವೆ ಪಕ್ಕದ ಹೊಲ ಹದ ಮಾಡಿದ್ದರೆ, ಆ ಖರ್ಚನ್ನು ಬೇರೆಯಾಗಿ ಲೆಕ್ಕಿಸಬೇಕು. ಅದೂ ನ್ಯಾಯವೇ.

ಕಾಗದದ ಕೆಲಸದಲ್ಲಿ ಎರಡು ಕಡೆ ಕಣ್ಣಿಡಿ. ನಾಡಕಚೇರಿಗೆ ಕೊಡುವ ವಂಶಾವಳಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದುಂಟು. ಪಹಣಿಯಲ್ಲಿ ಪೌತಿ ಖಾತೆ ಆದ ಮಾತ್ರಕ್ಕೆ ಮಾಲಕತ್ವ ತೀರ್ಮಾನವಾಗದಿದ್ದರೂ, ಹೆಸರಿಲ್ಲದವಳು ಕಚೇರಿ ಅಲೆಯಬೇಕಾಗುತ್ತದೆ. ಮಸ್ಕಿ ತಾಲೂಕಾಗುವ ಮುನ್ನ ಲಿಂಗಸುಗೂರು ತಾಲೂಕಿನಲ್ಲಿತ್ತು, ಹಳೆಯ ಕಾಗದ ಹುಡುಕುವವರು ಅದನ್ನು ನೆನಪಿಡಬೇಕು. ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಿ ಹೇಳಿ ಎಂದು ನನ್ನ ಬಳಿ ತರುವವರೂ ಇದ್ದಾರೆ. ಅಂತಹವನ್ನು ರದ್ದಿಗೆ ಹಾಕಬೇಡಿ. ಎರಡನೆಯದು ನಾಮಿನಿ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆಯುವವನು, ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು, ಷೇರುಗಳ ಬಗ್ಗೆಯೂ 2023ರಲ್ಲಿ ಅದನ್ನೇ ಹೇಳಿತು. ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಬ್ಯಾಂಕಿನವರು ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅರ್ಜಿಯಲ್ಲಿ ಪ್ರತಿ ಖಾತೆಯನ್ನೂ ಹೆಸರಿಸಬೇಕು, ಶುಲ್ಕವೂ ಆ ಮೊತ್ತದ ಮೇಲೆಯೇ. ವಾರಸಾಗಿ ಬಂದದ್ದಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ಬಂದ ನಿವೇಶನವನ್ನು ಮುಂದೆ ಮಾರಿದರೆ ಲಾಭಕ್ಕೆ ತೆರಿಗೆ ಬರಬಹುದು, ಆಗ ತೀರಿಕೊಂಡವರು ಅದನ್ನು ಎಷ್ಟಕ್ಕೆ ಕೊಂಡಿದ್ದರೆಂಬ ಕಾಗದ ಬೇಕಾಗುತ್ತದೆ.

"ನನಗೇನೂ ಬೇಡ, ನನ್ನ ಹಕ್ಕು ಬಿಟ್ಟೆ" ಎಂದು ತವರಿನ ಮುಲಾಜಿಗೆ ಹೇಳಿದ ಮಾತಿನಿಂದ ವಾರಸು ಹಕ್ಕು ಹೋಗುವುದಿಲ್ಲವೆಂಬುದು ಹನಫಿ ಫಿಖ್ಹ್‌ನ ಪ್ರಸಿದ್ಧ ನಿಯಮ. ಕೊಡಲೇಬೇಕೆಂದಿದ್ದರೆ ಪಾಲು ಕೈಗೆ ಬಂದ ಮೇಲೆ ದಾನ ಮಾಡಬಹುದು. ಅಥವಾ ಒಂದು ವಸ್ತುವನ್ನೋ ಮೊತ್ತವನ್ನೋ ಪಡೆದು ಉಳಿದದ್ದರಿಂದ ಹಿಂದೆ ಸರಿಯಬಹುದು, ಇದಕ್ಕೆ ತಖಾರುಜ್ ಎನ್ನುತ್ತಾರೆ. ಅಂತಹ ಒಪ್ಪಂದಕ್ಕೆ ಮೊದಲು ನಿಜವಾದ ಬೆಲೆಯ ಪಟ್ಟಿ ಅವಳ ಕೈಯಲ್ಲಿರಲಿ. 4 ಲಕ್ಷವೆಂದು ತಿಳಿದು ಬಿಟ್ಟವಳು 10 ಲಕ್ಷ ಬಿಟ್ಟಂತಾಗಬಾರದು.

ಅಮ್ಮಿಯ ಟ್ರಂಕು

ಸಹೋದರಿಯರೇ, ಇಷ್ಟು ಹೊತ್ತು ಅಣ್ಣಂದಿರನ್ನು ದೂರಿದ್ದಾಯಿತು. ತಾಯಿ ತೀರಿಕೊಂಡಾಗ ಟ್ರಂಕಿನ ಚಾವಿ ನಮ್ಮ ಸೆರಗಿನಲ್ಲಿರುತ್ತದೆ. "ಅಬ್ಬಾರ ಹೊಲ ಗಂಡುಮಕ್ಕಳಿಗೆ, ಅಮ್ಮಿಯ ಬಂಗಾರ ಹೆಣ್ಣುಮಕ್ಕಳಿಗೆ" ಎಂಬ ರೂಢಿ ನಮ್ಮಲ್ಲಿದೆ. ಇದು ರೂಢಿಯೇ ಹೊರತು ಶರೀಅತ್ ಅಲ್ಲ. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲೂಕಿನ ಮನೆಗಳಲ್ಲೂ ತಾಯಿಯ ಚಿನ್ನವನ್ನು ತಕ್ಕಡಿಗೆ ಹಾಕದೆ ಹಂಚುತ್ತಾರೆ! ಲಚ್ಛಾ ದೊಡ್ಡವಳಿಗೆ, ಝುಮಕಿ ನಡುವಿನವಳಿಗೆ, ಉಂಗುರ ಸಣ್ಣವಳಿಗೆ. ಅಲ್ಲಿಂದ ಅಕ್ಕತಂಗಿಯರ ಮನಸ್ತಾಪ ಆರಂಭ.

ತೂಗಿಸುವಾಗ ಒಂದು ಎಚ್ಚರ. ಹಳೆಯ ಚೀಟಿಯಲ್ಲಿ "12 ತೊಲ" ಎಂದಿದ್ದರೆ ಅದು ಹಳೆಯ ತೊಲ, 11.66 ಗ್ರಾಂನದು, ಅಂದರೆ ಸುಮಾರು 140 ಗ್ರಾಂ. ಈಗ ಅಂಗಡಿಗಳಲ್ಲಿ ತೊಲವೆಂದರೆ 10 ಗ್ರಾಂ. ಚೀಟಿ ನೋಡಿ 120 ಎಂದು ಬರೆದುಕೊಂಡರೆ 20 ಗ್ರಾಂ ಕಾಗದದ ಮೇಲೆಯೇ ಮಾಯ. ಕಲ್ಲು, ಮುತ್ತು, ಅರಗು ಬಿಟ್ಟು ನಿವ್ವಳ ತೂಕ ಹಿಡಿಯಿರಿ, ಎಷ್ಟು ಕ್ಯಾರೆಟ್ ಎಂದು ಯಂತ್ರದಲ್ಲಿ ನೋಡಿಸಿ, ಎರಡು ಸರಾಫ್ ಅಂಗಡಿಗಳಲ್ಲಿ ಕೊಳ್ಳುವ ದರ ಕೇಳಿ. ಕೂಲಿ, ವೇಸ್ಟೇಜ್ ಸೇರಿದ ಮಾರುವ ದರ ಇಲ್ಲಿ ಲೆಕ್ಕಕ್ಕಿಲ್ಲ.

ಆ 140 ಗ್ರಾಂ ಬಿಟ್ಟು ಹೋದ ತಾಯಿಗೆ ಗಂಡ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳಿದ್ದರೆ, ಅವರ ತಂದೆತಾಯಿ ಮೊದಲೇ ತೀರಿಕೊಂಡಿದ್ದರೆ, ಅಬ್ಬಾರಿಗೆ ನಾಲ್ಕನೇ ಒಂದು ಭಾಗವಾಗಿ 35 ಗ್ರಾಂ. ಉಳಿದ 105ರಲ್ಲಿ ಗಂಡುಮಕ್ಕಳಿಗೆ 30ರಂತೆ, ಹೆಣ್ಣುಮಕ್ಕಳಿಗೆ 15ರಂತೆ. ಅಮ್ಮಿಯ ಲಚ್ಛಾ ನನಗೇ ಬೇಕೆಂಬ ಮಗಳು ಅದನ್ನು ಇಟ್ಟುಕೊಂಡು, ಹೆಚ್ಚಾದ ತೂಕದ ಬೆಲೆಯನ್ನು ಅದೇ ದಿನದ ದರದಲ್ಲಿ ಅಲ್ಲೇ ಕೂತು ಉಳಿದವರಿಗೆ ಕೊಡಬಹುದು.