ದಂಪತಿಗಳ ವಾರದ ಬಿಡುವು

ದುಡಿದ ದೇಹಕ್ಕೆ ವಿಶ್ರಾಂತಿಯೂ ದಣಿದ ಮನಸ್ಸಿಗೆ ಉಲ್ಲಾಸವೂ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ಹಿರಿಯರ ಕಾಲದಲ್ಲಿ ವಾರಕ್ಕೊಮ್ಮೆ ರಜೆ ಎಂಬ ಏರ್ಪಾಡು ಇರಲಿಲ್ಲ. ಹಬ್ಬ ಹುಣ್ಣಿಮೆಗಳು, ಊರ ತೇರು, ಜಾತ್ರೆ ಪರಿಷೆಗಳು, ನಂಟರ ಮನೆಯ ಮದುವೆ ಮುಂಜಿಗಳು, ಇವೇ ಬಿಡುವಿನ ದಿನಗಳಾಗಿದ್ದುವು. ಕಚೇರಿಯ ಉದ್ಯೋಗವೂ ಕಾರ್ಖಾನೆಯ ದುಡಿಮೆಯೂ ಬಂದ ಮೇಲೆ ಗಡಿಯಾರದ ಆಳಿಕೆ ಪ್ರಾರಂಭವಾಯಿತು. ಅದರೊಡನೆ ವಾರದ ರಜೆಯ ಆವಶ್ಯಕತೆಯೂ ತಲೆದೋರಿತು. ಆ ರಜೆಯೂ ಸುಲಭವಾಗಿ ಕೈಗೆ ಬಂದುದಲ್ಲ. ಮುಂಬಯಿಯ ಬಟ್ಟೆಯ ಗಿರಣಿಗಳ ಕೂಲಿಗಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ಹಲವು ವರ್ಷ ಹೋರಾಡಿದ ಮೇಲೆ 1890ರಲ್ಲಿ ಗಿರಣಿಯ ಒಡೆಯರು ಭಾನುವಾರದ ರಜೆಗೆ ಒಪ್ಪಿದರು. ಹೀಗೆ ಕಷ್ಟದಿಂದ ದೊರೆತ ದಿನವನ್ನು ನಾವು ಹೇಗೆ ಕಳೆಯುತ್ತಿದ್ದೇವೆ ಎಂಬುದು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಯೋಚಿಸತಕ್ಕ ವಿಷಯವು.

ಇತ್ತೀಚೆಗೆ ಬೆಂಗಳೂರಿನಂತಹ ಪಟ್ಟಣಗಳಲ್ಲಿ ಗಂಡಹೆಂಡಿರಿಬ್ಬರೂ ಉದ್ಯೋಗಕ್ಕೆ ಹೋಗುವ ಸಂಸಾರಗಳು ಹೆಚ್ಚಾಗಿವೆ. ಅವರಲ್ಲಿ ಅನೇಕರಿಗೆ ಶನಿವಾರ ಭಾನುವಾರಗಳೆರಡೂ ಬಿಡುವು. ಉಳಿದ ಐದು ದಿನಗಳಲ್ಲಿ ಒಬ್ಬರ ಮುಖವನ್ನೊಬ್ಬರು ನೆಮ್ಮದಿಯಾಗಿ ನೋಡುವುದಕ್ಕೂ ಅವಕಾಶವಿಲ್ಲ. ಬೆಳಗಾದರೆ ಡಬ್ಬಿಗಳಿಗೆ ಅನ್ನ ತುಂಬುವ ಗಡಿಬಿಡಿ. ಸಂಜೆಯಾದರೆ ವಾಹನಗಳ ಸಂದಣಿಯಲ್ಲಿ ಸಿಲುಕಿ ಬಂದ ಆಯಾಸ. ಆದುದರಿಂದ ಆ ಎರಡು ದಿನ ಕೂಡಿ ತಿರುಗಾಡಿ, ಒಂದೆಡೆ ಕುಳಿತು ಉಂಡು, ಒಂದು ಸಿನೆಮಾ ನೋಡಬೇಕೆಂದು ತರುಣ ದಂಪತಿಗಳು ಆಶಿಸಿದರೆ ಅದು ಸಹಜವೇ ಆಗಿದೆ. ಇದನ್ನು ವಿಲಾಸವೆಂದು ಹಳಿಯುವವರಲ್ಲಿ ನಾನು ಸೇರಿದವಳಲ್ಲ. ಆದರೆ ಈ ವಿಹಾರದ ಹಿಂದೆ ಮರೆಯಾಗಿರುವ ಒಂದು ಸಂಗತಿಯು ನನ್ನ ಕಣ್ಣಿಗೆ ಬಿದ್ದುದರಿಂದ, ಅದನ್ನು ವಾಚಕ ಮಹನೀಯರ ಮತ್ತು ಸೋದರಿಯರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ದಂಪತಿಗಳಿಗೆ ಮದುವೆಯಾಗಿ ಎರಡು ವರ್ಷ. ಇಬ್ಬರೂ ವಿದ್ಯಾವಂತರು, ಸುಶೀಲರು. ಆತನಿಗೆ ಹೊರಗೆ ತಿರುಗುವುದರಲ್ಲಿ ಬಲು ಆಸಕ್ತಿ. ಶುಕ್ರವಾರ ರಾತ್ರಿಯೇ ಮುಂದಿನ ಎರಡು ದಿನಗಳ ಕಾರ್ಯಕ್ರಮ ಸಿದ್ಧವಾಗಿರುತ್ತಿತ್ತು. ಒಂದು ಭಾನುವಾರ ನಂದಿಬೆಟ್ಟದಿಂದ ಸೂರ್ಯೋದಯವನ್ನು ನೋಡಬೇಕೆಂದು ಗೊತ್ತುಮಾಡಿದರು. ಬೆಟ್ಟವು ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರ. ಎತ್ತರ 1478 ಮೀಟರು. ನಾಲ್ಕು ಗಂಟೆಗೆ ಹೊರಡಬೇಕಾದರೆ ಆಕೆ ಎರಡು ಗಂಟೆಗೆ ಎದ್ದು, ಪುಳಿಯೋಗರೆ ಮೊಸರನ್ನಗಳನ್ನು ಕಲಸಿ, ಬುತ್ತಿ ಕಟ್ಟಿ, ಕಾಫಿಯನ್ನು ಫ್ಲಾಸ್ಕಿಗೆ ತುಂಬಿದಳು. ಬೆಟ್ಟದ ಬುಡದಲ್ಲಿ ವಾಹನಗಳ ಸಾಲೋ ಸಾಲು. ಇವರು ಮೇಲೆ ತಲಪುವ ವೇಳೆಗೆ ಸೂರ್ಯನು ಮಾರುದ್ದ ಏರಿದ್ದನು. ಮನೆಗೆ ಬಂದೊಡನೆ ಆತನು ಹಾಸಿಗೆಯ ಮೇಲೆ ಮೈಚೆಲ್ಲಿದನು. ಆಕೆ ಬುತ್ತಿಯ ಪಾತ್ರೆಗಳನ್ನು ತೊಳೆದು, ವಾರದ ಬಟ್ಟೆಗಳನ್ನು ಒಗೆಯುವ ಯಂತ್ರಕ್ಕೆ ಹಾಕಿ, ಒಣಗಿಸಿ, ಸೋಮವಾರದ ಅಡಿಗೆಗೆ ತರಕಾರಿ ಹೆಚ್ಚಿಟ್ಟಳು. ಸಂಜೆ ಆತನು ಎದ್ದು, “ಬೇಗ ಸಿದ್ಧಳಾಗು, ಸಿನೆಮಾಕ್ಕೆ ಟಿಕೆಟು ತೆಗೆದಿದ್ದೇನೆ” ಎಂದನು.

“ರೀ, ನಿಮಗೆ ಶನಿವಾರ ಭಾನುವಾರ ರಜೆ, ನನಗೆ ರಜೆ ಯಾವ ವಾರ?” ಎಂದು ಆಕೆ ಕೇಳಿದ ಮಾತು ಕೆಳಗೆ ನಮ್ಮ ಹಜಾರದವರೆಗೂ ಕೇಳಿಸಿತು. ಆ ರಾತ್ರಿ ಅವರು ಸಿನೆಮಾಕ್ಕೆ ಹೋಗಲಿಲ್ಲ. ಮರುದಿನ ಸಂಜೆ ಹೂವಾಡಗಿತ್ತಿಯ ಬಳಿ ನಿಂತಾಗ, ಆಕೆ ನಾಚಿಕೊಂಡು, “ಅಮ್ಮಾ, ನಿನ್ನೆ ಗಲಾಟೆಯಾಯಿತು, ಕ್ಷಮಿಸಿ” ಎಂದು ನಡೆದುದೆಲ್ಲವನ್ನೂ ಹೇಳಿದಳು. ಕೊನೆಗೆ, “ಅವರು ಕೆಟ್ಟವರಲ್ಲ ಅಮ್ಮಾ. ಮನೆಯ ಕೆಲಸ ಅವರ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟೆ” ಎಂದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ. ಆದರೆ ಆ ಅನ್ನವನ್ನು ಅಟ್ಟವರಾರು, ಉಂಡ ತಟ್ಟೆಯನ್ನು ತೊಳೆದವರಾರು ಎಂದು ಗಾದೆಯು ಕೇಳುವುದಿಲ್ಲ. ಇದು ಒಂದು ಮನೆಯ ಮಾತಲ್ಲ. ಜನರು ದಿನದ ಕಾಲವನ್ನು ಹೇಗೆ ವಿನಿಯೋಗಿಸುವರೆಂದು ಭಾರತ ಸರ್ಕಾರವು 2019ರಲ್ಲಿ ದೇಶಾದ್ಯಂತ ಲೆಕ್ಕ ತೆಗೆಯಿಸಿತು. ಸ್ವಂತ ಮನೆಯ ಸಂಬಳವಿಲ್ಲದ ಕೆಲಸಗಳಲ್ಲಿ ತೊಡಗುವ ಸ್ತ್ರೀಯರು ನೂರಕ್ಕೆ 81 ಮಂದಿ. ಪುರುಷರು ನೂರಕ್ಕೆ 26 ಮಂದಿ ಮಾತ್ರ. ಹಾಗೆ ತೊಡಗಿದವರಲ್ಲಿಯೂ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷ, ಎಂದರೆ ಹೆಚ್ಚುಕಡಮೆ ಐದು ಗಂಟೆ ದುಡಿದರೆ, ಪುರುಷರು ದುಡಿಯುವುದು 97 ನಿಮಿಷ. ಕಚೇರಿಗೆ ಬೀಗ ಬೀಳುವಂತೆ ಭಾನುವಾರ ಅಡಿಗೆಮನೆಗೆ ಬೀಗ ಬೀಳುವುದಿಲ್ಲವೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಬದಲಾಗಿ ಅಂದು ಕೆಲಸ ಹೆಚ್ಚು.

ನಾನಾದರೂ ಏನು ಬೇರೆಯೇ? ನಮ್ಮ ಯಜಮಾನರು ಉದ್ಯೋಗದಲ್ಲಿದ್ದ ಕಾಲದಲ್ಲಿ ಭಾನುವಾರವೆಂದರೆ ಅವರಿಗೆ ಎಣ್ಣೆ ಸ್ನಾನ, ವಿಶೇಷದ ಊಟ, ನಿದ್ರೆ, ನಾಲ್ಕು ಗಂಟೆಗೆ ಬೋಂಡ ಕಾಫಿ. ಅವುಗಳಲ್ಲಿ ನಿದ್ರೆಯೊಂದನ್ನು ಬಿಟ್ಟು ಮಿಕ್ಕುದೆಲ್ಲವೂ ನನ್ನ ಕೈಯಿಂದಲೇ ಆಗಬೇಕಾಗಿತ್ತು. ನಾನು ಅದನ್ನು ಧರ್ಮವೆಂದು ಭಾವಿಸಿ ಮಾಡಿದೆನು. ದಣಿದಿದ್ದೇನೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಆ ಹುಡುಗಿ ಎರಡೇ ವರ್ಷದಲ್ಲಿ ಕೇಳಿದ ಪ್ರಶ್ನೆಯನ್ನು ನಾನು ನಲವತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ಅವರು ಕೋಪಿಸಿಕೊಳ್ಳುತ್ತಿದ್ದರೆಂದು ಈಗ ನನಗೆ ತೋರುವುದಿಲ್ಲ.

ಮಹಡಿಯ ದಂಪತಿಗಳು ಮಾತ್ರ ಬುದ್ಧಿವಂತರು. ಆ ವಾರವೇ ಕುಳಿತು ಒಂದು ಏರ್ಪಾಡು ಮಾಡಿಕೊಂಡರು. ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಯವರೆಗೆ ಇಬ್ಬರೂ ಮನೆವಾರ್ತೆಗೆ ನಿಲ್ಲತಕ್ಕದ್ದು. ಬಟ್ಟೆಯೂ ತರಕಾರಿಯ ಸಂತೆಯೂ ಆತನದು. ಅಡಿಗೆ ಮಾಡಿದವರು ಪಾತ್ರೆ ತೊಳೆಯತಕ್ಕದ್ದಲ್ಲ. ಹೊರಗೆ ಹೋಗುವ ದಿನ ಬುತ್ತಿ ಕಟ್ಟುವುದಾದರೆ ಇಬ್ಬರೂ ಸೇರಿ ಕಟ್ಟಬೇಕು. ಇಲ್ಲವಾದರೆ ಹೋಟೆಲಿನಲ್ಲಿ ಊಟ. ಎಲ್ಲಿಗೆ ಹೋಗಬೇಕೆಂಬುದು ಒಂದು ವಾರ ಆಕೆಯ ಇಷ್ಟ, ಒಂದು ವಾರ ಆತನ ಇಷ್ಟ. “ಎಲ್ಲಿಗೂ ಬೇಡ” ಎನ್ನುವುದೂ ಇಷ್ಟದಲ್ಲಿ ಸೇರಿದೆ. ಮೊದಲ ತಿಂಗಳು ಆತನು ಬಿಳಿಯ ಅಂಗಿಗಳನ್ನು ಕೆಂಪು ಬಟ್ಟೆಯೊಡನೆ ಒಗೆದು ಗುಲಾಬಿ ಬಣ್ಣ ಮಾಡಿದನೆಂದು ಕೇಳಿದೆನು. ಕಲಿಯುವವರೆಗೆ ಅಷ್ಟು ನಷ್ಟ ಆಗತಕ್ಕದ್ದೇ.

ಈಗ ಅವರ ವಿಹಾರಗಳಿಗೆ ದೂರದ ಊರುಗಳು ಬೇಕಾಗುವುದಿಲ್ಲ. ಬೇಗ ಕೆಲಸ ಮುಗಿದ ದಿನ ಲಾಲ್‌ಬಾಗಿಗೆ ಹೋಗುವರು. 2017ರಿಂದ ಅದರ ಸಮೀಪದಲ್ಲಿಯೇ ಮೆಟ್ರೊ ರೈಲಿನ ನಿಲ್ದಾಣವಿರುವುದರಿಂದ ವಾಹನ ನಿಲ್ಲಿಸುವ ತಾಪತ್ರಯವಿಲ್ಲ. ಹೈದರಾಲಿಯು 1760ರಲ್ಲಿ ಪ್ರಾರಂಭಿಸಿದ ಈ ತೋಟವು ಈಗ ಸುಮಾರು 240 ಎಕರೆಗಳಷ್ಟು ಹಬ್ಬಿದೆ. ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತು. ತೋಟದೊಳಗಿನ ಬಂಡೆಯು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಶಾಸ್ತ್ರಜ್ಞರು ಹೇಳುವರು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವುಂಟು. ಅಂತಹ ಬಂಡೆಯ ಮೇಲೆ ಸಂಜೆ ಕುಳಿತು ಗಾಳಿಗೆ ಮೈಯೊಡ್ಡಿದಾಗ, ವಾರದ ಕಚೇರಿಯ ಚಿಂತೆಗಳೆಲ್ಲ ಎಷ್ಟು ಅಲ್ಪವೆಂದು ತೋರದಿರುವುದೆ? ಅಲ್ಲಿ ಕುಳಿತೇ ಮುಂದಿನ ವರ್ಷದ ಸಾಲ, ಊರಿನಲ್ಲಿರುವ ತಾಯಿಯ ಕಣ್ಣಿನ ಚಿಕಿತ್ಸೆ ಮೊದಲಾದವುಗಳನ್ನು ನಿಶ್ಚಯಿಸಿದೆವೆಂದು ಆಕೆ ಹೇಳಿದಳು. ಮನೆಯಲ್ಲಿ ಆಡಲು ಹೊತ್ತು ಸಿಕ್ಕದ ಮಾತುಗಳು ನಡಿಗೆಯಲ್ಲಿ ತಾವಾಗಿ ಹೊರಬರುತ್ತವೆ. ವಿಹಾರದ ನಿಜವಾದ ಲಾಭವು ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ಊಟದ ವಿಷಯ. ಬಸವನಗುಡಿಯ ಗಾಂಧಿಬಜಾರಿನಲ್ಲಿ 1943ರಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆಗಾಗಿ ರಜೆಯ ದಿನ ಜನರು ಬಾಗಿಲಲ್ಲಿ ಕಾದು ನಿಲ್ಲುವರು. ಲಾಲ್‌ಬಾಗಿನ ಹತ್ತಿರದಲ್ಲಿರುವ ಮಾವಳ್ಳಿ ಟಿಫಿನ್ ರೂಮಿಗೆ 1924ರಿಂದ ಬಂದ ಹೆಸರುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಅಲ್ಲಿಯೇ ರವೆ ಇಡ್ಲಿಯು ಹುಟ್ಟಿತೆಂದು ಹೇಳುವರು. ಹೋಟೆಲಿನ ತಿಂಡಿಯನ್ನು ನಮ್ಮ ಹಿರಿಯರು ಹೀನವಾಗಿ ಕಾಣುತ್ತಿದ್ದರು. ನಿತ್ಯವೂ ಅದೇ ಆದರೆ ಹೊಟ್ಟೆಗೂ ಹಣಕ್ಕೂ ಕೇಡೆಂಬುದು ಈಗಲೂ ನಿಜ. ಆದರೆ ವಾರಕ್ಕೊಂದು ಹೊತ್ತು ಗೃಹಿಣಿಯೂ ಗಂಡನ ಎದುರಿಗೆ ಕುಳಿತು, ಇನ್ನೊಬ್ಬರು ಬಡಿಸಿದ ಬಿಸಿ ದೋಸೆಯನ್ನು ಆರುವುದಕ್ಕೆ ಮೊದಲೇ ತಿನ್ನುವುದರಲ್ಲಿ ರುಚಿಯಷ್ಟೇ ಗೌರವವೂ ಇದೆ. ಮನೆಯಲ್ಲಿ ಎಲ್ಲರಿಗೂ ಹಾಕಿಕೊಟ್ಟು ಕಡೆಯ ದೋಸೆಯನ್ನು ತಿನ್ನುವವಳಿಗೆ ಇದರ ಸುಖ ಗೊತ್ತು.

ಸಿನೆಮಾದ ಮಾತಿಗೆ ಬಂದರೆ, ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನ’. ಅದು 1934ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಸುಬ್ಬಯ್ಯ ನಾಯಿಡುಗಳೂ ತ್ರಿಪುರಾಂಬ ಅವರೂ ಅದರಲ್ಲಿ ಅಭಿನಯಿಸಿದ್ದರು. ಅಂದಿನಿಂದ ದಂಪತಿಗಳು ಜೊತೆಯಾಗಿ ಚಿತ್ರಕ್ಕೆ ಹೋಗುವುದು ಪಟ್ಟಣದ ಸಂಸಾರಗಳ ಒಂದು ಪದ್ಧತಿಯೇ ಆಯಿತು. ನಾವು ಮೊದಲ ವರ್ಷಗಳಲ್ಲಿ ಹೋಗುತ್ತಿದ್ದ ಕಪಾಲಿ ಚಿತ್ರಮಂದಿರವು 1968ರಲ್ಲಿ ಆರಂಭವಾಗಿ 2017ರಲ್ಲಿ ಮುಚ್ಚಿತು. ಈಗ ಅಂತರ್ಜಾಲದ ಮೂಲಕ ಚಿತ್ರವು ಮನೆಯ ಗೋಡೆಗೇ ಬಂದಿದೆ. ಖರ್ಚು ಕಡಮೆ, ಸೌಕರ್ಯ ಹೆಚ್ಚು. ಆದರೆ ಒಂದೇ ಸೋಫಾದ ಮೇಲೆ ಕುಳಿತು ಒಬ್ಬರು ಚಿತ್ರವನ್ನೂ ಇನ್ನೊಬ್ಬರು ಕೈಯ ಫೋನನ್ನೂ ನೋಡುತ್ತಿದ್ದರೆ ಜೊತೆಯಲ್ಲಿ ನೋಡಿದಂತಾಗಲಿಲ್ಲ. ಮಹಡಿಯವರು ಫೋನುಗಳನ್ನು ಅಡಿಗೆಮನೆಯಲ್ಲಿಟ್ಟು ದೀಪ ಆರಿಸುವರು. ಆತನಿಗೆ ಹೊಡೆದಾಟದ ಚಿತ್ರ ಇಷ್ಟ. ಆಕೆಗೆ ಸಂಸಾರದ ಕಥೆ. ಸರದಿಯಂತೆ ಒಬ್ಬರ ಇಷ್ಟವನ್ನು ಇನ್ನೊಬ್ಬರು ಕಡೆಯವರೆಗೆ ಎಚ್ಚರವಾಗಿದ್ದು ನೋಡಬೇಕೆಂಬುದು ನಿಯಮ. ಇದು ಸುಲಭವಾದ ತಪಸ್ಸಲ್ಲ!

ವಾರ ವಾರವೂ ಈ ತಿರುಗಾಟವೇಕೆ, ಹಣ ಉಳಿಸಬಾರದೆ, ಊರಿನಲ್ಲಿರುವ ಅತ್ತೆಮಾವಂದಿರನ್ನು ನೋಡಬಾರದೆ ಎಂದು ಕೇಳುವ ಹಿರಿಯರುಂಟು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚತಕ್ಕದ್ದು. ಸಾಲ ಮಾಡಿ ಸುತ್ತುವ ವಿಹಾರವು ಸೋಮವಾರದ ಚಿಂತೆಗೆ ದಾರಿ. ತಿಂಗಳಲ್ಲಿ ಒಂದು ವಾರ ಹಿರಿಯರಿಗೆ ಮೀಸಲಾಗಿರಲಿ. ಶನಿವಾರ ಭಾನುವಾರಗಳು ಎಲ್ಲರಿಗೂ ಬಿಡುವಲ್ಲವೆಂಬುದನ್ನೂ ನೆನೆಯಬೇಕು: ನಮಗೆ ದೋಸೆ ತಂದಿಡುವ ಮಾಣಿಗೂ, ಬಸ್ಸು ನಡೆಯಿಸುವವನಿಗೂ, ಆಸ್ಪತ್ರೆಯ ದಾದಿಗೂ ಅಂದು ದುಡಿಮೆಯ ದಿನ. ಅವರ ಮನೆಗಳಲ್ಲಿ ಬಿಡುವು ಮಂಗಳವಾರ ಬರಬಹುದು, ಅರ್ಧ ದಿನವೇ ಇರಬಹುದು. ಎಷ್ಟೇ ಇರಲಿ, ಯಾವ ವಾರವೇ ಇರಲಿ, ಅದು ಇಬ್ಬರಿಗೂ ಸೇರಿದ್ದಾಗಿರಬೇಕು. ಒಬ್ಬರ ದುಡಿಮೆಯ ಮೇಲೆ ಇನ್ನೊಬ್ಬರ ರಜೆ ನಿಂತಿದ್ದರೆ, ನಂದಿಬೆಟ್ಟಕ್ಕೆ ಹೋದರೂ ಮನೆಯ ಭಾರವು ಬೆನ್ನ ಮೇಲೆಯೇ ಇರುತ್ತದೆ.

ಈ ಸಂಗತಿಯನ್ನೆಲ್ಲ ನಮ್ಮ ಯಜಮಾನರಿಗೆ ಓದಿ ಹೇಳಿದೆನು. ಅವರು ಏನೂ ಹೇಳದೆ ಪತ್ರಿಕೆಯನ್ನು ಮಡಿಸಿಟ್ಟು ಎದ್ದು ಹೋದರು. ಬೇಸರವಾಯಿತೇನೋ ಎಂದುಕೊಂಡೆನು. ಭಾನುವಾರ ಬೆಳಗ್ಗೆ ನಾನು ಎದ್ದಾಗ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕಾಫಿಪುಡಿಯ ಡಬ್ಬಿ ಎಲ್ಲಿದೆಯೆಂದು ತಿಳಿಯದೆ ಅವರು ಪ್ರತಿಯೊಂದು ಡಬ್ಬಿಯ ಮುಚ್ಚಳವನ್ನೂ ತೆಗೆದು ಮೂಸುತ್ತಿದ್ದರು. ನಾನು ಎದ್ದುದು ಅವರಿಗೆ ತಿಳಿಯದಂತೆ ಹಿಂದಿರುಗಿ ಬಂದು ಮಲಗಿದೆನು. ಕಾಫಿ ಬರುವುದಕ್ಕೆ ಅರ್ಧ ಗಂಟೆಯಾಯಿತು. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಇಬ್ಬರೂ ಕುಳಿತು ಕುಡಿದೆವು.